ವರ್ಲೀನಳ ನೀಲಿ ಕೋಟು

ಬ್ಯಾರೋ ಗ್ಯಾಪ್ ಊರಿನಲ್ಲಿ ಜೇಬಿಗೆ ಪಿಸ್ತೂಲು ಹಾಕಿಕೊಂಡು ಓಡಾಡುವವರೆಲ್ಲ ವರ್ಷಕ್ಕೆರಡು ಸಲವಾದರೂ ವರ್ಲೀನ್ ಕಟ್‌ಶಾಲಳ ಬಾಯಿಗೆ ಬೀಳಲೇಬೇಕಿತ್ತು. ಅಮೆರಿಕದ ಟೆನೆಸಿಯ ಆ ಬೆಟ್ಟದೂರಿನ ದೊಡ್ಡ ಬೀದಿಯಲ್ಲಿ ಅವಳ ಹಾರ್ಡ್‌ವೇರ್ ಅಂಗಡಿ. ಮುಂದೆ ಮೊಳೆ, ಹಗ್ಗ, ಬಣ್ಣದ ಡಬ್ಬಿ. ಹಿಂದೆ ಕಿಟಕಿಯ ಪಕ್ಕದಲ್ಲಿ ಉದ್ದನೆಯ ಬೆಂಚು. ಆ ಬೆಂಚಿನ ಮೇಲೆ ಅವಳ ಗಂಡ ಡಾಯ್ಲ್ ಮೂವತ್ತು ವರ್ಷ ಬಂದೂಕು ರಿಪೇರಿ ಮಾಡಿದ್ದ. ಅವನು ತೀರಿಕೊಂಡ ಮೇಲೆ ದೊಡ್ಡ ರಿಪೇರಿ ನಿಂತಿತು. ಶನಿವಾರದ ಬೆಳಗು ಮಾತ್ರ ನಿಲ್ಲಲಿಲ್ಲ. ಜನ ತಮ್ಮ ಸಣ್ಣ ಪಿಸ್ತೂಲುಗಳನ್ನು ತರುತ್ತಿದ್ದರು, ವರ್ಲೀನ್ ಬಿಚ್ಚಿ ಒರೆಸಿ ಕೊಡುತ್ತಿದ್ದಳು. ಕೂಲಿಗಿಂತ ಬೈಗುಳವೇ ಹೆಚ್ಚು ಎಂದು ಜನ ನಗುತ್ತಿದ್ದರು.

ಬೈಗುಳಕ್ಕೆ ಕಾರಣವೂ ಇತ್ತು. ಬೀರುವಿನಲ್ಲಿ ಇಟ್ಟ ಬಂದೂಕು ಇಟ್ಟ ಹಾಗೆ ಇರುತ್ತದೆ, ಜೇಬಿನದ್ದು ಹಾಗಲ್ಲ. ಬಟ್ಟೆಯ ನೂಲು, ಬೆವರು, ಬಿಸ್ಕತ್ತಿನ ಪುಡಿ ಎಲ್ಲ ಅದರ ಸಂದಿಗೆ ಸೇರುತ್ತದೆ. ನಯವಾಗಿರಲಿ ಎಂದು ಎಣ್ಣೆ ಸುರಿದರೆ ಆ ನೂಲೆಲ್ಲ ಅಂಟಿ ಕೆಸರಾಗುತ್ತದೆ. ಒಂದೇ ಒಂದು ಹನಿ ಸಾಕು, ಅದನ್ನೂ ಒರೆಸಬೇಕು ಎನ್ನುತ್ತಿದ್ದಳು ವರ್ಲೀನ್. ಬೆಂಚಿನ ಹತ್ತಿರ ಬರುವ ಮೊದಲೇ ಗುಂಡು ತುಂಬುವ ಮ್ಯಾಗಜೀನು ತೆಗೆದು, ನಳಿಗೆಯ ಹಿಂದಿನ ಗೂಡಿನಲ್ಲಿ ಗುಂಡು ಉಳಿದಿಲ್ಲವೆಂದು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಗುಂಡುಗಳೆಲ್ಲ ಆಚೆ ಮೂಲೆಯ ತಗಡಿನ ಡಬ್ಬಿಗೆ. ಟ್ರಿಗರನ್ನು ಮುಚ್ಚುವ ಚರ್ಮದ ಒರೆ ಇಲ್ಲದೆ ಪಿಸ್ತೂಲು ಜೇಬಿಗೆ ಇಳಿಯಕೂಡದು. ಆ ಜೇಬಿನಲ್ಲಿ ಬೇರೆ ಏನೂ ಇರಕೂಡದು.

ಈ ಕೊನೆಯ ಮಾತಿನಲ್ಲೇ ಎಲ್ವುಡ್ ಟಿಪ್ಟನ್ ಸಿಕ್ಕಿಬಿದ್ದ. ಅವನು ಬಡಗಿ, ಅವಳ ಜೊತೆಗೇ ಶಾಲೆ ಓದಿದವನು. ಅಕ್ಟೋಬರಿನ ಒಂದು ಶನಿವಾರ ಅವನು ಕೆಲಸದ ಪ್ಯಾಂಟಿನ ಜೇಬಿನಿಂದ ಪಿಸ್ತೂಲು ತೆಗೆದಾಗ ಅದರ ಹಿಂದೆಯೇ ಕೀಲಿಗೊಂಚಲೂ ಎಳೆದುಕೊಂಡು ಬಂತು. ಒಂದು ಕೀಲಿ ಟ್ರಿಗರಿನ ಬಳೆಯೊಳಗೆ ತೂರಿಕೊಂಡಿತ್ತು. ಹಿಡಿಗೆ ಅರ್ಧ ಚೀಪಿದ ಪೆಪ್ಪರ್ಮಿಂಟು ಅಂಟಿತ್ತು.

ಅಂಗಡಿಯಲ್ಲಿ ಐದಾರು ಜನ ಇದ್ದರು. ವರ್ಲೀನ್ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇದೇನೋ ಎಲ್ವುಡ್, ಪಿಸ್ತೂಲೋ ಕೋಳಿಗೂಡೋ?"

"ಸಾಕು ಬಿಡೇ. ಕ್ಲೀನ್ ಮಾಡಿ ಕೊಡು ಅಂತ ತಾನೆ ತಂದಿದ್ದು?"

"ಆ ಕೀಲಿ ಇನ್ನೊಂದು ಚೂರು ಎಳೆದಿದ್ರೆ ನಿನ್ನ ತೊಡೇಲಿ ತೂತು. ಅರವತ್ತೇಳು ವರ್ಷ ಆಯ್ತು, ಇನ್ನೂ ಜೇಬಿಗೆ ಏನು ಹಾಕ್ಬೇಕು ಅಂತ ನಿಂಗೆ ಅಮ್ಮ ಬಂದು ಹೇಳ್ಬೇಕಾ?"

ಎಲ್ಲರೂ ನಕ್ಕರು. ಎಲ್ವುಡ್ ನಗಲಿಲ್ಲ. ಅವನ ಕಿವಿ ಕೆಂಪಾಯಿತು. ಕೆಲಸ ಮುಗಿಯುವವರೆಗೆ ಹೊರಗೆ ನಿಂತಿದ್ದ. ಅವಳು ಕೊಟ್ಟ ಹೊಸ ಒರೆಯನ್ನು ಕೊಂಡುಕೊಂಡ, ಹೊರಟುಹೋದ. ಅಂದಿನಿಂದ ಮೊಳೆ ಬೇಕಾದರೂ ಹನ್ನೆರಡು ಮೈಲಿ ಆಚೆಯ ಊರಿಗೆ ಹೋಗಿ ತರುತ್ತಿದ್ದ. ಚರ್ಚಿನಲ್ಲಿ ಅವಳು ಎಡಕ್ಕೆ ಕೂತರೆ ಅವನು ಬಲಕ್ಕೆ. ನಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ವರ್ಲೀನ್ ತನಗೆ ತಾನೇ ಹೇಳಿಕೊಂಡಳು. ತಪ್ಪಿರಲಿಲ್ಲ ನಿಜ. ಆದರೂ ಭಾನುವಾರ ಅವನ ಬೆನ್ನು ಕಂಡಾಗಲೆಲ್ಲ ಒಳಗೇನೋ ಚುಚ್ಚುತ್ತಿತ್ತು.

ಫೆಬ್ರವರಿಯ ಎರಡನೆಯ ಭಾನುವಾರ ಪ್ರಾರ್ಥನೆಯ ನಂತರ ಚರ್ಚಿನ ಹಾಲ್‌ನಲ್ಲಿ ಊಟವಿತ್ತು. ಮನೆಮನೆಯಿಂದ ಹುರುಳಿಕಾಯಿ, ಜೋಳದ ರೊಟ್ಟಿ, ಹ್ಯಾಮ್, ಪೈ ಬಂದಿದ್ದವು. ಗ್ರೇವಿಯ ಜೊತೆ ತಿನ್ನುವ, ಬನ್ನಿನಂಥ ಬಿಸಿ ಬಿಸ್ಕೆಟ್ ಬೇಯಿಸುವ ಪಾಳಿ ವರ್ಲೀನಳದು. ಅಂದು ಅವಳು ತೊಟ್ಟಿದ್ದ ಉಡುಪಿಗೆ ಜೇಬಿರಲಿಲ್ಲ. ಯಾವಾಗಲೂ ಮೈಮೇಲಿನ ಜೇಬಿನಲ್ಲಿರುತ್ತಿದ್ದ ಪಿಸ್ತೂಲು ಅಂದು ನೀಲಿ ಉಣ್ಣೆಯ ಕೋಟಿನ ಬಲಜೇಬಿನಲ್ಲಿತ್ತು. ಕೋಟು ಬಿಚ್ಚುವುದಿಲ್ಲವೆಂದುಕೊಂಡೇ ಅಡುಗೆಮನೆಗೆ ಹೋದಳು. ಎರಡು ಒಲೆ ಉರಿಯುತ್ತಿದ್ದವು. ಐದು ನಿಮಿಷಕ್ಕೆ ಕುತ್ತಿಗೆಯಿಂದ ಬೆವರಿಳಿಯತೊಡಗಿತು. ಈ ಒಂದು ತಟ್ಟೆ ಬಿಸ್ಕೆಟ್ ಹೊರಬರುವವರೆಗೆ ಮಾತ್ರ ಎಂದು ಕೋಟು ಬಿಚ್ಚಿ, ಬಾಗಿಲ ಬಳಿಯ ಗೂಟಕ್ಕೆ ತಗುಲಿಸಿದಳು.

ಆ ತಟ್ಟೆಯ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಯಾರೋ ಗ್ರೇವಿ ಸಾಲದು ಎಂದರು. ಯಾರದೋ ಸೊಸೆ ಹೆತ್ತ ಸುದ್ದಿ ಬಂತು. ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಗೂಟದಲ್ಲಿ ಒಂದೇ ಒಂದು ನೀಲಿ ಕೋಟು ಉಳಿದಿತ್ತು. ತೊಟ್ಟು, ಅಭ್ಯಾಸದಂತೆ ಬಲಜೇಬಿಗೆ ಕೈ ಹಾಕಿದಳು. ಕಾಗದದ ಕರವಸ್ತ್ರ, ಎರಡು ಕೆಮ್ಮಿನ ಮಿಠಾಯಿ.

ಎಡಜೇಬನ್ನೂ ನೋಡಿದಳು. ಮತ್ತೆ ಬಲಜೇಬು. ಕೋಟು ಬಿಚ್ಚಿ ಕೊರಳಪಟ್ಟಿ ನೋಡಿದಳು. ತನ್ನದಲ್ಲ. ಹಿಂದಿನ ಚಳಿಗಾಲ ಅಗ್ಗಕ್ಕೆ ಮಾರಿದಾಗ ಊರಿನ ಅರ್ಧ ಹೆಂಗಸರು ಅದೇ ಕೋಟು ಕೊಂಡಿದ್ದರು.

ಹೊರಗೆ ಓಡಿದಳು. ಕಾರುಗಳೆಲ್ಲ ಹೋಗಿದ್ದವು. ಅವಳನ್ನು ಕರೆತಂದಿದ್ದ ಪಕ್ಕದ ಮನೆಯವಳೂ ಹೋಗಿದ್ದಳು. ಒಂದೇ ಒಂದು ಪಿಕಪ್ ನಿಂತಿತ್ತು. ಎಲ್ವುಡ್ ಅದಕ್ಕೆ ಮಡಿಸುವ ಕುರ್ಚಿಗಳನ್ನು ಹೇರುತ್ತಿದ್ದ.

ನಾಲ್ಕು ತಿಂಗಳಿಂದ ಮಾತಿಲ್ಲದ ಮನುಷ್ಯ. ವರ್ಲೀನ್ ಅವನೆದುರು ಹೋಗಿ ನಿಂತಳು. "ಎಲ್ವುಡ್, ನನ್ನ ಕೋಟು ಯಾರೋ ಹಾಕ್ಕೊಂಡು ಹೋಗಿದಾರೆ. ಜೇಬಲ್ಲಿ ಪಿಸ್ತೂಲಿದೆ. ಗುಂಡು ತುಂಬಿದೆ."

ಅವನು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟ. ಅವಳು ಹಿಡಿದಿದ್ದ ಕೋಟನ್ನೂ ಕೆಮ್ಮಿನ ಮಿಠಾಯಿಯನ್ನೂ ನೋಡಿದ.

"ಒಪಲಕ್ಕಂದು," ಎಂದ. "ಇಡೀ ಪ್ರಾರ್ಥನೆ ಇದನ್ನೇ ಚೀಪ್ತಾ ಇದ್ರು. ಹತ್ತು ಕೂತ್ಕೋ."

ಒಪಲ್ ಹೆನ್ಸ್‌ಲಿಗೆ ಎಂಬತ್ತು ದಾಟಿತ್ತು, ಬೆಟ್ಟದ ಮೇಲೆ ಮನೆ. ಅವಳ ಮೊಮ್ಮಗಳು ಮಿರ್ನಾ ಆಸ್ಪತ್ರೆಯ ನರ್ಸು. ಭಾನುವಾರದ ಪಾಳಿ ಇದ್ದಾಗ ನಾಲ್ಕು ವರ್ಷದ ಮಗಳು ಡೆಲ್ಲಾಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಿದ್ದಳು. ಅಂದೂ ಡೆಲ್ಲಾ ಊಟದ ಮೇಜಿನ ಕೆಳಗೆ ಓಡಾಡಿದ್ದನ್ನು ವರ್ಲೀನ್ ತಾನೇ ನೋಡಿದ್ದಳು. ಪಿಕಪ್‌ನಲ್ಲಿ ಕೂತು ಫೋನ್ ಹಚ್ಚಿದಳು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

"ಕಿವಿ ಕೇಳ್ಸೋ ಮಷೀನು ಮನೆಗೆ ಹೋದ್ಮೇಲೆ ತೆಗೆದಿಟ್ಬಿಡ್ತಾರೆ," ಎಂದ ಎಲ್ವುಡ್.

ರಸ್ತೆಯ ನೆರಳಿನ ತಿರುವುಗಳಲ್ಲಿ ಮಂಜು ಗಟ್ಟಿಯಾಗಿತ್ತು. ಅವನು ಅವಸರಪಡಲಿಲ್ಲ, ನಿಧಾನವನ್ನೂ ಮಾಡಲಿಲ್ಲ. ವರ್ಲೀನ್ ಅವನತ್ತ ತಿರುಗಿದಳು.

"ಬೈಯೋದಿದ್ರೆ ಬೈದ್ಬಿಡೋ."

"ರಸ್ತೆ ಜಾರ್ತಾ ಇದೆ ಕಣೇ. ಎರಡು ಕೆಲಸ ಒಟ್ಟಿಗೆ ಮಾಡಕ್ಕೆ ನಂಗೆ ಬರಲ್ಲ." ಒಂದು ತಿರುವು ದಾಟಿದ ಮೇಲೆ ಕೇಳಿದ, "ಒರೆ ಹಾಕಿದೀಯಾ?"

"ಹಾಕಿದೀನಿ."

"ಸರಿ. ಹಾಗಾದ್ರೆ ಅದನ್ನೇ ನೆನೆಸ್ಕೋ. ಬೇರೆ ಏನೂ ನೆನೆಸ್ಕೋಬೇಡ."

ಆದರೆ ಒರೆಯಿಂದ ಪಿಸ್ತೂಲನ್ನು ಹೊರಗೆಳೆಯಲು ಎಷ್ಟು ಬಲ ಬೇಕೆಂಬುದು ವರ್ಲೀನಳಿಗೆ ಗೊತ್ತಿತ್ತು. ಹೆಚ್ಚೇನೂ ಬೇಡ.

ಒಪಲಳ ಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಎಲ್ವುಡ್ ಮೆಲ್ಲನೆ ತಳ್ಳಿದ. ಒಪಲ್ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ಒಲೆಯ ಮುಂದಿನ ಚಾಪೆಯ ಮೇಲೆ ಡೆಲ್ಲಾ ನಿಂತಿದ್ದಳು, ನೀಲಿ ಕೋಟು ತೊಟ್ಟುಕೊಂಡು. ಕೋಟಿನ ಅಂಚು ನೆಲ ಗುಡಿಸುತ್ತಿತ್ತು. ಎರಡು ಬೊಂಬೆಗಳನ್ನು ಸಾಲಾಗಿ ಕೂರಿಸಿ, ಅವಕ್ಕೆ ಪ್ರಾರ್ಥನೆ ಹೇಳಿಕೊಡುತ್ತಿದ್ದಳು.

ವರ್ಲೀನ್ ಕೂಗಲು ಬಾಯಿ ತೆರೆದಳು. ಎಲ್ವುಡ್ ಹಿಂದಕ್ಕೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದ. ತನ್ನ ಟೋಪಿ ತೆಗೆದು, ಮಗುವಿನಿಂದ ಎರಡು ಹೆಜ್ಜೆ ದೂರದಲ್ಲಿ ಮೊಣಕಾಲೂರಿ ಕೂತ.

"ನಮಸ್ಕಾರ ಅಮ್ಮಾವ್ರೇ. ಪ್ರಾರ್ಥನೆ ಮುಗೀತಾ?"

"ಇನ್ನೂ ಇಲ್ಲ," ಎಂದಳು ಡೆಲ್ಲಾ. "ಈ ಬೊಂಬೆ ಮಾತಾಡ್ತಾನೇ ಇದೆ."

"ಛೆ, ಛೆ. ಒಳಗೆ ಸೆಕೆ ಅಲ್ವಾ, ಅದಕ್ಕೇ ಹಾಗಾಡುತ್ತೆ. ನಾನು ಬಾಗಿಲು ಕಾಯೋನು. ದೊಡ್ಡೋರ ಕೋಟು ಇಸ್ಕೊಂಡು ತೂಗುಹಾಕೋದೇ ನನ್ನ ಕೆಲಸ. ಎಲ್ಲಿ, ಎರಡೂ ಕೈ ಮೇಲೆ ಎತ್ತಿ, ಮಹಾರಾಣಿ ಥರ."

ಮಗು ಯೋಚಿಸಿತು. ಆಮೇಲೆ ಎರಡೂ ಕೈ ಎತ್ತಿತು. ಕೋಟಿನ ತೋಳುಗಳು ಎಷ್ಟು ಉದ್ದವಿದ್ದವೆಂದರೆ, ಅವಳ ಬೆರಳುಗಳು ಅವುಗಳ ಅರ್ಧದಲ್ಲೇ ಉಳಿದಿದ್ದವು. ಎಲ್ವುಡ್ ಕೋಟನ್ನು ಮೇಲಕ್ಕೆ ಎಳೆದು ತೆಗೆದ.

"ಈ ಕಡೆ ಜೇಬು ಭಾರ," ಎಂದಳು ಡೆಲ್ಲಾ. "ನನ್ನ ಕೈ ಅಲ್ಲಿಗೆ ಹೋಗ್ಲೇ ಇಲ್ಲ."

"ಹೋಗ್ದಿದ್ರೇನೇ ಒಳ್ಳೇದು, ಅಮ್ಮಾವ್ರೇ," ಎಂದ ಎಲ್ವುಡ್.

ವರ್ಲೀನ್ ಕೋಟನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಸೌದೆಯ ರಾಶಿಯ ಆಚೆ, ಮೆತ್ತನೆ ಮಣ್ಣಿನ ದಿಬ್ಬಕ್ಕೆ ಮುಖ ಮಾಡಿ ಪಿಸ್ತೂಲನ್ನು ಒರೆಯ ಸಮೇತ ಹೊರತೆಗೆದಳು. ಟ್ರಿಗರ್ ಮುಚ್ಚಿಯೇ ಇತ್ತು. ಮ್ಯಾಗಜೀನು ತೆಗೆದಳು. ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಎಳೆಯಲು ಹೋದರೆ ಬೆರಳು ಜಾರಿತು. ಸಾವಿರ ಸಲ ಮಾಡಿದ ಕೆಲಸ. ಉಸಿರೆಳೆದು ನಿಂತಳು. ಮೂರನೆಯ ಸಲಕ್ಕೆ ಗೂಡಿನಲ್ಲಿದ್ದ ಗುಂಡು ಹಾರಿ ಮಂಜಿನ ಮೇಲೆ ಬಿತ್ತು. ಗೂಡನ್ನು ನೋಡಿದಳು, ಕಿರುಬೆರಳು ಹಾಕಿ ನೋಡಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ ಸೌದೆಯ ಮೇಲೆ ಕೂತು ಅತ್ತಳು.

ಅವಳು ಮುಖ ಒರೆಸಿಕೊಂಡು ಒಳಗೆ ಬಂದಾಗ ಒಪಲ್ ಎದ್ದಿದ್ದಳು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡಿದ್ದಳು. ಎಲ್ವುಡ್ ಏನನ್ನೂ ಹೇಳಿರಲಿಲ್ಲ. ಸುಮ್ಮನೆ ಕೋಟು ಬದಲಾಗಿದೆ ಎಂದು ಮಾತು ಮುಗಿಸಬಹುದಿತ್ತು. ಮಗುವನ್ನು ಒಳಕೋಣೆಗೆ ಕಳಿಸಿ ವರ್ಲೀನ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಒಪಲ್ ಒಳಕೋಣೆಯ ಬಾಗಿಲಿನತ್ತ ನೋಡಿದಳು. "ಈ ಕೂಸನ್ನ ನನ್ನ ಕೈಗೆ ಕೊಟ್ಟು ಹೋಗಿದಾರೆ ಕಣೇ ವರ್ಲೀನ್. ನಾನು ನಿದ್ದೆ ಮಾಡ್ಬಿಟ್ಟೆ."

"ನಿದ್ದೆ ಮಾಡಿದ್ದು ತಪ್ಪಲ್ಲ ಒಪಲಕ್ಕ. ತಪ್ಪೆಲ್ಲ ನಂದು."

"ಹೌದು," ಎಂದಳು ಒಪಲ್. "ನಿಂದೇ. ಮಿರ್ನಾ ಆರು ಗಂಟೆಗೆ ಬರ್ತಾಳೆ. ಅವಳಿಗೆ ನಾನು ಹೇಳಲ್ಲ. ನೀನೇ ಹೇಳ್ಬೇಕು."

ಎಲ್ವುಡ್ ಖಾಲಿ ಪಿಸ್ತೂಲನ್ನೂ ಗುಂಡುಗಳನ್ನೂ ಬೇರೆಬೇರೆಯಾಗಿ ತನ್ನ ಗಾಡಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ವರ್ಲೀನ್ ಆರು ಗಂಟೆಯವರೆಗೆ ಕಾದಳು, ಅವನೂ ಕಾದ. ಮಿರ್ನಾ ಆಸ್ಪತ್ರೆಯ ಬಟ್ಟೆಯಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಕೂಗಾಡಲಿಲ್ಲ. ಗುಂಡು ತಗುಲಿದ ಮಕ್ಕಳನ್ನು ಅವಳು ಆಸ್ಪತ್ರೆಯಲ್ಲಿ ನೋಡಿದ್ದಳು.

"ನೀವೇ ಬಂದು ಹೇಳಿದ್ರಿ. ಅದು ಸರಿ," ಎಂದಳು. "ಆದ್ರೆ ಸ್ವಲ್ಪ ದಿನ ನಮ್ಮನೆ ಕಡೆ ಬರಬೇಡಿ, ವರ್ಲೀನಮ್ಮ. ನನಗೆ ನಿಮ್ಮ ಮುಖ ನೋಡಕ್ಕಾಗಲ್ಲ."

ವರ್ಲೀನ್ ತಲೆಯಾಡಿಸಿದಳು.

ಮುಂದಿನ ಶನಿವಾರ ಬೆಂಚಿನ ಮುಂದೆ ಏಳು ಜನ ಸೇರಿದ್ದರು. ಯಾರ ಪಿಸ್ತೂಲನ್ನೂ ಮುಟ್ಟುವ ಮೊದಲು ಅವಳು ಭಾನುವಾರದ ಕಥೆ ಹೇಳಿದಳು, ಒಂದನ್ನೂ ಬಿಡದೆ. "ಉಜ್ಜೋದು ತೊಳೆಯೋದು ನಂಗೆ ಚೆನ್ನಾಗಿ ಗೊತ್ತು. ಆದ್ರೆ ಬಿಚ್ಚಿ ತಗುಲಿಸಿದ ಕೋಟು ಜೇಬಲ್ಲ ಅನ್ನೋದು ಮರೆತೆ. ಮೈಮೇಲೆ ಇರಬೇಕು, ಇಲ್ಲಾಂದ್ರೆ ಬೀಗದೊಳಗಿರಬೇಕು. ನಡುವೆ ಇನ್ನೊಂದು ಜಾಗ ಇಲ್ಲ," ಎಂದಳು. ಯಾರೂ ನಗಲಿಲ್ಲ. ಹಿಂದೆ ನಿಂತಿದ್ದ ಎಲ್ವುಡ್ ಮುಂದೆ ಬಂದ.

"ನಿನಗೆ ಅವತ್ತು ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು," ಎಂದಳು ವರ್ಲೀನ್, ಅದನ್ನೂ ಎಲ್ಲರ ಮುಂದೆಯೇ.

"ಅಂದಿದ್ದು ಸರಿಯಾಗೇ ಇತ್ತು," ಎಂದ ಅವನು. "ಸ್ವಲ್ಪ ಮೆಲ್ಲಗೆ ಅನ್ನಬಹುದಿತ್ತು, ಅಷ್ಟೇ. ಈಗ ಎರಡಿಂಚಿನ ಮೊಳೆ ಕೊಡು. ಆ ಊರಿನೋನು ತುಕ್ಕು ಹಿಡಿದಿದ್ದು ಕೊಡ್ತಾನೆ."

ಆ ತಿಂಗಳಲ್ಲೇ ಎಲ್ವುಡ್ ಚರ್ಚಿನ ಆಫೀಸು ಕೋಣೆಯ ಗೋಡೆಗೆ, ಪ್ರಾರ್ಥನೆಗೆ ಬಂದವರು ಪಿಸ್ತೂಲು ಇಡಲೆಂದು, ಗಟ್ಟಿ ಓಕ್ ಮರದ ಕಪಾಟು ಮಾಡಿ ಕೂರಿಸಿದ, ಒಂದೊಂದು ಗೂಡಿಗೂ ಒಂದೊಂದು ಬೀಗ. ಜೇಬಿಲ್ಲದ ಉಡುಪು ತೊಟ್ಟ ದಿನ ವರ್ಲೀನ್ ಪಿಸ್ತೂಲನ್ನು ಮನೆಯಲ್ಲೇ ಬೀಗ ಹಾಕಿ ಬರುತ್ತಿದ್ದಳು. ಅವಳ ನಾಲಿಗೆ ಪೂರ್ತಿ ಮೆತ್ತಗಾಯಿತೆಂದು ಹೇಳಲಾಗದು. ಆದರೆ ಬೈಯುವ ಮೊದಲು ಜನರನ್ನು ಪಕ್ಕಕ್ಕೆ ಕರೆದುಕೊಂಡು ಹೋಗುವುದನ್ನು ಕಲಿತಳು.

ಮೇ ತಿಂಗಳ ಒಂದು ಶನಿವಾರ, ಅಂಗಡಿ ಖಾಲಿಯಾದ ಮೇಲೆ ಮಿರ್ನಾ ಒಬ್ಬಳೇ ಬಂದಳು. ಕೈಯಲ್ಲಿ ಬೀಗ ಹಾಕಿದ ಸಣ್ಣ ಪೆಟ್ಟಿಗೆ. ಸತ್ತ ಅಪ್ಪನ ಪಿಸ್ತೂಲಂತೆ. ಆಸ್ಪತ್ರೆಯಿಂದ ಕತ್ತಲಲ್ಲಿ ಒಬ್ಬಳೇ ಗಾಡಿ ಓಡಿಸಬೇಕು, ಆದರೆ ಇದನ್ನು ಮುಟ್ಟಲೇ ಭಯ ಎಂದಳು.

"ಕಲಿಸಿಕೊಡ್ತೀರಾ? ಆವತ್ತು ತಪ್ಪನ್ನ ಮುಚ್ಚಿಡದೆ ಹೇಳಿದ್ರಲ್ಲ, ಅದಕ್ಕೇ ನಿಮ್ಮ ಹತ್ರ ಬಂದೆ."

ವರ್ಲೀನ್ ಕನ್ನಡಕ ಹಾಕಿಕೊಂಡಳು. ಮ್ಯಾಗಜೀನು ತೆಗೆದಳು, ಗೂಡನ್ನು ತೆರೆದಳು, ನೋಡಿದಳು, ಮುಟ್ಟಿದಳು. ಆಮೇಲೆ ನಳಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿ ಮಿರ್ನಾಳ ಕೈಗೆ ಕೊಟ್ಟಳು.

"ಖಾಲಿ ಇದೆ ಅಂತ ನಾನು ಹೇಳ್ತೀನಿ. ನೀನು ನಂಬಬೇಡ. ನೀನೇ ನೋಡು."

ಮಿರ್ನಾ ಬೆಳಕಿಗೆ ಹಿಡಿದು ನೋಡಿದಳು. ಅಂಜುತ್ತಲೇ ಕಿರುಬೆರಳನ್ನು ಒಳಗೆ ಹಾಕಿದಳು. ವರ್ಲೀನ್ ಪಿಸ್ತೂಲು ಉಜ್ಜಲು ಇಟ್ಟಿದ್ದ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅವಳತ್ತ ಸರಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.