ನೀರು ಕುಡಿಯದವಳಿಗೆ ಬಹುಮಾನ

ಮಗುಚಿದ ಕಾಲರಿನ ಮೂಲೆಯನ್ನು ಕಡ್ಡಿಯಿಂದ ಚೂಪು ಮಾಡಿ ಸೂಜಿಯ ಕೆಳಗೆ ತಳ್ಳುವಾಗ, ಪಕ್ಕದ ಹೊಲಿಗೆ ಮಷೀನಿನ ಸದ್ದು ನಿಂತದ್ದು ಅವಳಿಗೆ ತಿಳಿಯಿತು. ನಾದಿನಿ ಕಿಬ್ಬೊಟ್ಟೆ ಒತ್ತಿಕೊಂಡು ಬಾಗಿದ್ದಳು.

"ಟೋಕನ್ ತಗೊಂಡು ಹೋಗಿ ಬಾರೆ."

"ಬೇಡ ಅತ್ತಿಗೆ. ಇನ್ನು ನಾಲ್ಕು ದಿನ ತಡ್ಕೊಂಡ್ರೆ ಈ ತಿಂಗಳ ಬಹುಮಾನಾನೂ ನಂದೇ."

ಗಾರ್ಮೆಂಟ್ಸ್ ಕಾರ್ಖಾನೆಯ ನಲವತ್ತು ಹೆಂಗಸರ ಆ ಸಾಲಿಗೆ ಶೌಚಾಲಯಕ್ಕೆ ಹೋಗಲು ಇದ್ದದ್ದು ಒಂದೇ ಮರದ ಟೋಕನ್. ಅದು ಸೂಪರ್‌ವೈಸರನ ಮೇಜಿನ ಮೇಲಿರುತ್ತಿತ್ತು. ಯಾರು ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು ಎಂದು ನೋಡುತ್ತ ಕೂರುವುದೇ ಅವನ ಕೆಲಸ. ಹೆಂಗಸರು ಅವನಿಗೆ ಗಡಿಯಾರ ಎಂದು ಹೆಸರಿಟ್ಟಿದ್ದರು. ಒಂದಲ್ಲ ಎರಡು ಟೋಕನ್ ಕೊಡಿ ಎಂದು ಕೇಳಿ ಕೇಳಿ ಸಾಕಾಗಿ, ಮೂರು ತಿಂಗಳ ಹಿಂದೆ ಅವಳು ಕಂಪನಿಯ ನೋಟಿಸಿನ ಧಾಟಿಯಲ್ಲೇ ಬರೆದು, ಯಾರೂ ಇಲ್ಲದಾಗ ಬೋರ್ಡಿಗೆ ಚುಚ್ಚಿದ್ದಳು:

'ದೇಹದ ಅವಶ್ಯಕತೆಗಳು ಉತ್ಪಾದನೆಗೆ ಅಡ್ಡಿಯಾಗಿರುವುದು ಗಮನಕ್ಕೆ ಬಂದಿದೆ. ತಿಂಗಳಿಡೀ ಟೋಕನ್ ಮುಟ್ಟದ ಮಹಿಳೆಯನ್ನು ಒಣರಾಣಿ ಎಂದು ಸನ್ಮಾನಿಸಲಾಗುವುದು. ಮೂತ್ರಕೋಶವನ್ನು ಮನೆಯಲ್ಲೇ ಬಿಟ್ಟು ಬರುವವರಿಗೆ ಆದ್ಯತೆ.'

ಓದಿದವರು ನಗಬೇಕು, ಮೇಲಿನವರು ನಾಚಬೇಕು ಎಂಬುದು ಅವಳ ಆಸೆ. ಹೆಂಗಸರೇನೋ ನಕ್ಕರು. ಆದರೆ ಗಡಿಯಾರ ಅದನ್ನು ಮ್ಯಾನೇಜರ್ ಬರೆದದ್ದೆಂದುಕೊಂಡ. ಮ್ಯಾನೇಜರ್ ಗಡಿಯಾರನೇ ಬರೆದನೆಂದುಕೊಂಡು ಅವನ ಬೆನ್ನು ತಟ್ಟಿದ. ಮೂತ್ರಕೋಶದ ಸಾಲನ್ನು ಕಿತ್ತು, ಒಣರಾಣಿಯನ್ನು ಶಿಸ್ತಿನ ರಾಣಿ ಮಾಡಿ, ಸೀಲು ಹಾಕಿ ಮತ್ತೆ ಅಂಟಿಸಿದರು.

ಮೊದಲ ಬಹುಮಾನ ನಾದಿನಿಗೆ ಬಂತು. ಒಂದು ಸ್ಟೀಲಿನ ನೀರಿನ ಬಾಟಲಿ.

ಶಾಲೆಯಲ್ಲೂ ಏನೂ ಗೆಲ್ಲದವಳು ಅದನ್ನು ಕನ್ನಡಿಯ ಪಕ್ಕ ಇಟ್ಟುಕೊಂಡಳು. ತಂಗಿಯ ಬಾಟಲಿಯನ್ನು ಅಣ್ಣ ಬಂದವರಿಗೆಲ್ಲ ತೋರಿಸಿದ. ನೀನೂ ಇದ್ದೀಯಲ್ಲ ಎಂಬಂತೆ ಹೆಂಡತಿಯ ಕಡೆ ನೋಡಿದ.

ಆಮೇಲೆ ನಾದಿನಿಗೆ ಎರಡು ಸಲ ಚಳಿಜ್ವರ ಬಂತು. ನೀರು ಕುಡಿಯದಿದ್ದರೆ ಮೂತ್ರಪಿಂಡಕ್ಕೇ ಪೆಟ್ಟು ಎಂದು ಡಾಕ್ಟರಮ್ಮ ಗದರಿದರು. ನಾದಿನಿ ತಲೆಯಾಡಿಸಿ ಬಂದಳು, ಬಾಟಲಿ ಮಾತ್ರ ಖಾಲಿಯೇ ಉಳಿಯಿತು. ತಡೆಯಲಾರದೆ ಒಂದು ದಿನ ಅವಳು ನಾದಿನಿಗೆ ಹೇಳಿ ನೋಡಿದ್ದಳು:

"ಆ ನೋಟಿಸನ್ನ ಯಾರೋ ಗೇಲಿ ಮಾಡೋಕೆ ಬರೆದದ್ದಂತೆ ಕಣೆ."

"ಹೊಟ್ಟೆಕಿಚ್ಚಿನವರು ಹಾಗಂತಾರೆ ಅತ್ತಿಗೆ. ಸೀಲ್ ಹಾಕಿದಾರಲ್ಲ."

ಯಾರೋ ಎಂದಿದ್ದಳು. ನಾನು ಎನ್ನಲಿಲ್ಲ. ಎಂದಿದ್ದರೆ ಕೆಲಸ ಹೋಗುತ್ತಿತ್ತು.

ಈಗ ನಾದಿನಿ ಹಲ್ಲು ಕಚ್ಚಿ ಮತ್ತೆ ಪೆಡಲು ಒತ್ತಿದಳು. ಅವಳ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು.

ಅಂದು ಬರೆದ ಮೊದಲ ಕರಡು, ಮೂತ್ರಕೋಶದ ಸಾಲಿನ ಸಮೇತ, ಅತ್ತಿಗೆಯ ಚೀಲದ ತಳದಲ್ಲಿ ಮಡಚಿಕೊಂಡು ಬಿದ್ದಿತ್ತು. ಹಾಳೆಯ ಕೆಳಗೆ ಜಾಗ ಖಾಲಿಯಿತ್ತು. ಅಲ್ಲಿ ತನ್ನ ಹೆಸರು, ಮಷೀನ್ ನಂಬರು ಬರೆದು, ಊಟದ ಗಂಟೆ ಹೊಡೆದು ಎಲ್ಲರೂ ಏಳುವಾಗ ಅವರ ಕಣ್ಣೆದುರೇ ಸೀಲಿನ ನೋಟಿಸಿನ ಪಕ್ಕ ಚುಚ್ಚುವುದೇ ಎಂದು ನಿಶ್ಚಯಿಸಿದಳು. ನಾಳೆ ಈ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂರಲಿ.

"ಏನು ಅತ್ತಿಗೆ, ಹಾಗೆ ನೋಡ್ತಿದ್ದೀರಿ?"

"ಏನಿಲ್ಲ" ಎಂದು ಅವಳು ಮುಂದಿನ ಕಾಲರನ್ನು ಎಳೆದುಕೊಂಡಳು.