ಕೈಯಾಡಿಸುವ ಹೊತ್ತು

ನನ್ನ ಕೈಗೆ ತಾಳ್ಮೆ ಇಲ್ಲವೆಂದು ಮದುವೆಗೆ ಮೊದಲು ಅಮ್ಮ ಹೇಳುತ್ತಿದ್ದಳು. ಮದುವೆಯಾದ ಮೇಲೆ ನಮ್ಮವರು ಆ ಕೆಲಸವನ್ನು ವಹಿಸಿಕೊಂಡರು. ಅವರಿಬ್ಬರದನ್ನೂ ಸಹಿಸಿಕೊಂಡಿದ್ದೆ. ಜೋಗದ ಕಾಲೊನಿಗೆ ಬಂದ ಮೇಲೆ ಸ್ಟೋರ್ಸಿನ ಗುಮಾಸ್ತ ವಾಸಪ್ಪನೂ ಅದನ್ನೇ ಹೇಳಿದಾಗ ಮಾತ್ರ ನನಗೆ ಸಿಟ್ಟು ನೆತ್ತಿಗೇರಿತು.

ಅವನು ತಬಲಾ ಬಾರಿಸುವವನು, ನಾನು ಹವಾಯನ್ ಗಿಟಾರ್ ನುಡಿಸುವವಳು. ಅದನ್ನು ಮಡಿಲಲ್ಲಿ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾ ಬಲಗೈಯಲ್ಲಿ ಮೀಟಬೇಕು. ಬೆಂಗಳೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುವಾಗ ಕಲಿತಿದ್ದೆ. ಸಾಗರದಿಂದ ಜೋಗಕ್ಕೆ ಸಾಮಾನು ತಂದಾಗ ಅತ್ತೆ ಕೊಟ್ಟ ಉಪ್ಪಿನಕಾಯಿ ಜಾಡಿ ಒಡೆದರೂ ನಾನು ಮೊದಲು ನೋಡಿದ್ದು ಗಿಟಾರನ್ನು. ಅದನ್ನು ಅತ್ತೆ ಇವತ್ತಿಗೂ ಮರೆತಿಲ್ಲ.

ಆ ವರ್ಷ ರಾಜ್ಯೋತ್ಸವಕ್ಕೆ ಕಾಲೊನಿಯ ಸಭೆಯಲ್ಲಿ ನಾನು ನುಡಿಸಬೇಕೆಂದು ನಿಗದಿಯಾಗಿತ್ತು. ವಾಸಪ್ಪ ನಮ್ಮ ಮನೆಗೇ ಬಂದು ಅಭ್ಯಾಸಕ್ಕೆ ಕೂತ. ಎರಡು ಸಲ ನುಡಿಸುವುದರೊಳಗೆ ತಬಲಾದ ಮೇಲಿಂದ ಕೈ ತೆಗೆದ.

"ಅಕ್ಕಾವ್ರೇ, ನೀವು ಹಾಡು ಮುಗಿಸಿ ಕಾಫಿ ಕುಡೀತಿರ್ತೀರಿ, ನಾನಿನ್ನೂ ಮೊದಲನೇ ಸಾಲಲ್ಲೇ ಇರ್ತೀನಿ. ಗಡಿಯಾರದ ಟಿಕ್ ಟಿಕ್ಕಿಗೆ ಸರಿಯಾಗಿ ಸಾಧನೆ ಮಾಡಿ."

ಗಡಿಯಾರದ ಮುಂದೆ ಕೂತೆ. ಕಾಲಿನಲ್ಲಿ ತಾಳ ಹಾಕಿದೆ, ಬಾಯಲ್ಲಿ ಎಣಿಸಿದೆ. ಆದರೆ ಒಂದು ಪೆಟ್ಟು ಮುಗಿದು ಇನ್ನೊಂದು ಬರುವವರೆಗಿನ ಆ ಖಾಲಿ ಜಾಗ ಇದೆಯಲ್ಲ, ಅದು ಕಂಡರೆ ನನಗೆ ಆಗುತ್ತಿರಲಿಲ್ಲ. ಖಾಲಿ ಡಬ್ಬ ಕಂಡರೂ ಏನಾದರೂ ತುಂಬಿಸಿಡುವವಳು ನಾನು. ಅಲ್ಲೊಂದು ಸ್ವರ ತುರುಕುತ್ತಿದ್ದೆ, ಇಲ್ಲವೇ ಮುಂದಿನದಕ್ಕೆ ಹಾರುತ್ತಿದ್ದೆ. ಗಡಿಯಾರ ಹಿಂದೆ ಉಳಿಯುತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ, ನಮ್ಮವರು ಪವರ್ ಹೌಸಿಗೆ ಶಿಫ್ಟಿಗೆ ಹೋದ ಮೇಲೆ, ಹಿತ್ತಿಲಿನ ಬೇಲಿಯಾಚೆ ಯಾರೋ ಒನಕೆ ಹಾಕುವ ಸದ್ದು ಕೇಳಿತು. ಧಪ್. ಆಮೇಲೆ ಸುಮ್ಮನೆ. ಮತ್ತೆ ಧಪ್. ಗಡಿಯಾರದ ಹಾಗೆ ಪಿಟಿಪಿಟಿ ಇಲ್ಲ, ತೂಕದ ಸದ್ದು. ಒಂದು ಪೆಟ್ಟೂ ಮುಂದೆ ಬೀಳದು, ಹಿಂದೆ ಬೀಳದು. ನಾನು ಗಿಟಾರ್ ತಂದು ಹಿತ್ತಿಲ ಜಗಲಿಯಲ್ಲಿ ಕೂತೆ.

ಒನಕೆ ಹಾಕುತ್ತಿದ್ದವಳು ದುಗ್ಗಮ್ಮ. ಹೊಸನಗರ ಕಡೆಯವಳು. ಅವಳ ಊರು ಹಿಂದಿನ ವರ್ಷ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಗಿತ್ತು. ಗಂಡ ಮೊದಲೇ ತೀರಿಕೊಂಡಿದ್ದ. ಪ್ರಾಜೆಕ್ಟಿನಲ್ಲಿ ಖಲಾಸಿಯಾಗಿದ್ದ ಅಣ್ಣನ ಮಗನ ಶೆಡ್ಡಿನಲ್ಲಿದ್ದುಕೊಂಡು ಕಾಲೊನಿಯ ಮನೆಗಳಿಗೆ ಅವಲಕ್ಕಿ ಕುಟ್ಟಿಕೊಡುತ್ತಿದ್ದಳು. ಊರು ಬಿಡುವಾಗ ಎಲ್ಲರೂ ಪಾತ್ರೆ ಪಗಡೆ ಲಾರಿಗೆ ಹಾಕಿದರೆ ಇವಳು ಒರಳುಕಲ್ಲನ್ನೇ ಹಾಕಿಸಿಕೊಂಡು ಬಂದಳಂತೆ.

ಅವಳ ಪೆಟ್ಟಿಗೆ ಸರಿಯಾಗಿ ಮೀಟಿದೆ. ಕೈ ಕೂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಹಳೆಯ ಬುದ್ಧಿ ಕೂಡಲೇ ಎದ್ದಿತು. ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಜೋರಾಗಿ ಒಂದು ತಂತಿ ಮೀಟಿದೆ.

"ಕೈ! ಕೈ ಅದೆ ಅಲ್ಲಿ!"

ಕಿರುಚಿದ್ದು ಕೇಳಿ ಗಿಟಾರನ್ನು ಜಾರಿಸಿಬಿಟ್ಟೆ. ಬೇಲಿಯ ಹತ್ತಿರ ಓಡಿ ನೋಡಿದರೆ ದುಗ್ಗಮ್ಮ ಒನಕೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಸುತ್ತ ಯಾರೂ ಇರಲಿಲ್ಲ. ಒರಳಿನಲ್ಲಿ ಬಿಸಿ ಅವಲಕ್ಕಿ ಹಬೆಯಾಡುತ್ತಿತ್ತು.

"ಯಾರ ಕೈ, ದುಗ್ಗಮ್ಮ?" ಎಂದೆ.

ಅವಳು ನನ್ನನ್ನು ನೋಡಲಿಲ್ಲ. ಒರಳಿನೊಳಗೆ ಬಗ್ಗಿ ನೋಡಿದಳು, ಏನೋ ಸಮಾಧಾನವಾದಂತೆ ಉಸಿರು ಬಿಟ್ಟಳು.

ಅವತ್ತು ರಾತ್ರಿಯ ಊಟಕ್ಕೆ ಕೂತಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಅವಲಕ್ಕಿ ಕುಟ್ಟಲು ಇಬ್ಬರು ಬೇಕು. ಒಬ್ಬರು ಒನಕೆ ಹಾಕಿದರೆ, ಒನಕೆ ಮೇಲೆ ಹೋದ ಹೊತ್ತಿನಲ್ಲಿ ಇನ್ನೊಬ್ಬರು ಒರಳಿಗೆ ಕೈ ಹಾಕಿ ಮಗುಚಿ ತೆಗೆಯಬೇಕು. ಕೈಯಾಡಿಸದಿದ್ದರೆ ಅಡಿಯದು ಹಿಟ್ಟಾಗುತ್ತದೆ, ಮೇಲಿನದು ಭತ್ತವಾಗಿಯೇ ಉಳಿಯುತ್ತದೆ. ದುಗ್ಗಮ್ಮನ ಎರಡೂ ಕೈ ಒನಕೆಯ ಮೇಲಿರುತ್ತಿದ್ದವು. ಅವಳು ಕೊಟ್ಟ ಅವಲಕ್ಕಿ ನಮ್ಮ ಡಬ್ಬದಲ್ಲೇ ಇತ್ತು. ತೆಗೆದು ನೋಡಿದೆ, ಒಂದೊಂದು ಎಸಳೂ ಒಂದೇ ಸಮ.

"ಒಬ್ಳೇ ಕುಟ್ಟಿದ್ರೆ ಇದು ಹೀಗೆ ಬರೋಕ್ಕೆ ಹ್ಯಾಗ್ರೀ ಸಾಧ್ಯ?" ಎಂದು ನಮ್ಮವರನ್ನು ಕೇಳಿದೆ.

"ತಿನ್ನೋಕ್ಕೆ ಚೆನ್ನಾಗಿದ್ಯೋ ಇಲ್ವೋ ಅಷ್ಟು ಹೇಳು ಮಾರಾಯ್ತಿ," ಎಂದರು ಅವರು. ನನಗೆ ಮಾತ್ರ ಅದನ್ನು ತಿನ್ನಲಾಗಲಿಲ್ಲ.

ಮರುದಿನ ಮಧ್ಯಾಹ್ನ ದುಗ್ಗಮ್ಮ ತಾನಾಗಿಯೇ ಬಂದು ಜಗಲಿಯ ಅಂಚಿನಲ್ಲಿ ಕೂತಳು. ಗಿಟಾರಿನ ಮೇಲೆ ಕಣ್ಣಿಟ್ಟುಕೊಂಡೇ ಮಾತಾಡಿದಳು.

"ನಿನ್ನೆ ಹೆದರ್ಸಿಬಿಟ್ಟೆ ಅಮ್ಮೋರೇ. ನೀವು ನಡುವೆ ಬಾರ್ಸಿದ್ರಲ್ಲ, ನಂಗೆ ಒನಕೆ ಬಿದ್ದಂಗಾತು. ನನ್ ಮಗಳು ಬಂಗಾರಿ ಕೈಯಾಡ್ಸೋ ಹೊತ್ತು ಅದು."

"ಮಗಳು ಎಲ್ಲಿದಾಳೆ?"

"ಇಲ್ಲ," ಎಂದಳು. "ಊರು ಬಿಡೋ ದಿನ ದಾರಿಗೆ ಆಗ್ಲಿ ಅಂತ ಅವಲಕ್ಕಿ ಕುಟ್ತಾ ಇದ್ವಿ. ಲಾರಿಯೋನು ಹಾರನ್ ಹೊಡ್ದೂ ಹೊಡ್ದೂ ತಲೆ ತಿಂದ. ಬಂದೆ ಮಾರಾಯಾ ಅಂತ ನಾನು ಬಿರುಸು ಹಾಕ್ದೆ. ಅವ್ಳ ಕೈ ಇನ್ನೂ ಒಳಗೇ ಇತ್ತು. ಬೆರಳು ಜಜ್ಜೋತು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಲಾರಿ ಹತ್ತಿದ್ವಿ. ಏನಿಲ್ಲ ಅಬ್ಬೆ, ನೋವಿಲ್ಲ ಅಂತಿದ್ಲು. ಆಮೇಲೆ ಧನುರ್ವಾಯು ಬಂದು ಹಲ್ಲು ಕಚ್ಕೊಂತು. ಬಾಯಿ ಬಿಡ್ಸೋಕೆ ಆಗ್ಲಿಲ್ಲ. ನೀರೂ ಇಳೀಲಿಲ್ಲ."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

"ಈಗ ಬತ್ತಾಳೆ," ಎಂದಳು. "ನಾನು ಒನಕೆ ಎತ್ತಿದ್ರೆ ಕೈ ಹಾಕ್ತಾಳೆ. ನಂಗೆ ಕಾಣಲ್ಲ, ಭತ್ತ ಮಗುಚೋದು ಕಾಣ್ತದೆ. ಅದ್ಕೇ ನಾನು ಒಂದಿಷ್ಟೂ ಮುಂದೆ ಹಾಕಲ್ಲ. ಇನ್ನೊಂದ್ಸಲ ಹಾಕ್ಬಾರ್ದು."

ನಾನು ಹೆದರಿದೆನೆಂದು ಹೇಳಲು ನಾಚಿಕೆಯಿಲ್ಲ. ಆದರೂ ಅವಳು ಏಳುವಾಗ, "ನೀವೂ ಬನ್ನಿ. ತಾಳ ತಂತೀಲಿ ಕಲಿಯೋದಲ್ಲ. ನೀವು ಒನಕೆ ಹಿಡೀರಿ, ಒಂದ್ಸಲ ನಾನು ಕೈಯಾಡಿಸ್ತೀನಿ," ಎಂದಾಗ ಹಿಂದೆಯೇ ಹೋದೆ. ಪಾಪ, ಒಬ್ಬಳೇ ಎಷ್ಟು ದಿನ ಕುಟ್ಟುತ್ತಾಳೆ, ಜೊತೆಗೊಂದು ಜೀವ ಬೇಕಾಗಿದೆ ಎಂದುಕೊಂಡೆ. ಅದು ನನ್ನ ದಡ್ಡತನ.

ನೆನೆಸಿದ ಭತ್ತವನ್ನು ಹುರಿದು ಬಿಸಿಬಿಸಿಯಾಗಿ ಒರಳಿಗೆ ಸುರಿದಳು. ನಾನು ಸೆರಗು ಬಿಗಿದು ಒನಕೆ ಎತ್ತಿದೆ. ಹಾಕಿದೆ, ಎತ್ತಿದೆ. ಅವಳ ಕೈ ಒಳಗೆ ಹೋಗಿ ಮಗುಚಿ ಹೊರಬಂತು. ಹಾಕಿದೆ. ಗಡಿಯಾರದ ಮುಂದೆ ಇಲ್ಲದ ಎಚ್ಚರ ತಾನಾಗಿ ಬಂದಿತ್ತು. ಖಾಲಿ ಎಂದುಕೊಂಡಿದ್ದ ಜಾಗದಲ್ಲಿ ಬಳೆ ತೊಟ್ಟ ಒಂದು ಕೈ ಇತ್ತು. ಅದನ್ನು ನೋಡುತ್ತಲೇ ಒನಕೆ ಹಾಕಬೇಕಾಗಿತ್ತು.

ಆಗ ಸಾಗರದ ರಸ್ತೆಯಲ್ಲಿ ಒಂದು ಲಾರಿ ಹೋಯಿತು. ತಿರುವಿನಲ್ಲಿ ಉದ್ದಕ್ಕೆ ಹಾರನ್ ಹೊಡೆಯಿತು.

ನನ್ನ ಕೈ ಬಿರುಸಾಯಿತು. ನನಗೇ ತಿಳಿಯದೆ ಆದದ್ದು. ಒನಕೆ ಇಳಿಯುತ್ತಿರುವಾಗ ನೋಡುತ್ತೇನೆ, ದುಗ್ಗಮ್ಮನ ಕೈ ಒರಳಿನಲ್ಲೇ ಇದೆ. ಮಗುಚುತ್ತಿಲ್ಲ. ಸುಮ್ಮನೆ ಅಂಗಾತ ಇಟ್ಟಿದ್ದಾಳೆ, ಕಣ್ಣು ಮುಚ್ಚಿದ್ದಾಳೆ.

ಹೇಗೆ ಎಳೆದೆನೋ, ಒನಕೆ ಕಲ್ಲಿನ ಅಂಚಿಗೆ ಬಡಿದು ನೆಲಕ್ಕೆ ಜಾರಿತು. ನನ್ನ ರಟ್ಟೆ ಕಿತ್ತುಬಂದ ಹಾಗಾಯಿತು.

"ಯಾಕೆ ತಪ್ಪಿಸಿದ್ರಿ?" ಎಂದಳು ದುಗ್ಗಮ್ಮ ಕಣ್ಣು ಬಿಡದೆ. "ಹಾಕ್ಬಿಡಿ ಅಮ್ಮೋರೇ. ನೋವಿಲ್ಲ ನೋವಿಲ್ಲ ಅಂದ್ಲು. ಎಷ್ಟು ನೋವಿತ್ತು ಅಂತ ನಂಗೆ ಗೊತ್ತಾಗ್ಲಿ. ನನ್ ಕೈಗೆ ನಾನೇ ಹಾಕ್ಕೊಳ್ಳಾಕೆ ಬರಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಂಗೆ ಬರುತ್ತಾ? ನಿಮ್ಮ ಹಾಗೇ ನಾನೂ ಸಾಯೋವರೆಗೆ ಒಂದು ಕೈ ನೆನೆಸ್ಕೊಂಡು ಬದುಕ್ಬೇಕಾ? ಹಾಗೆ ಮಾಡೋಕ್ಕೇ ಕರೆದ್ರಾ ನನ್ನ?" ಎಂದು ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಅತ್ತುಬಿಟ್ಟೆ. ಮನೆಗೆ ಓಡಿಹೋಗಬೇಕೆನಿಸಿತು. ಆದರೆ ನಾನು ಹೋದರೆ ನಾಳೆ ಇನ್ಯಾರನ್ನೋ ಕರೆದು ಒನಕೆ ಕೊಡುತ್ತಾಳೆ, ಅವರು ಎಳೆದುಕೊಳ್ಳದೇ ಹೋಗಬಹುದು. ಆ ಯೋಚನೆ ನನ್ನನ್ನು ಅಲ್ಲೇ ನಿಲ್ಲಿಸಿತು.

ನೆಲದಿಂದ ಒನಕೆ ಎತ್ತಿ ಒರಳಿನ ಮೇಲೆ ಹಿಡಿದೆ.

"ಕೈಯಾಡ್ಸಿ," ಎಂದೆ. "ನೀವು ಕೈ ತೆಗೆಯೋವರೆಗೆ ನಾನು ಹಾಕೋದಿಲ್ಲ. ಸಂಜೆಯಾದ್ರೂ ಸರಿ."

ಅವಳು ತೆಗೆಯಲಿಲ್ಲ. ನಾನು ಇಳಿಸಲಿಲ್ಲ. ದೂರದಲ್ಲಿ ಜಲಪಾತದ ಮೊರೆತ ಒಂದೇ ಸಮ ಕೇಳುತ್ತಿತ್ತು. ತೋಳು ಸೋತಿತು, ಬೆವರು ಕಣ್ಣಿಗಿಳಿಯಿತು. ಹುಟ್ಟಿದಾಗಿನಿಂದ ನಾನು ಯಾವುದಕ್ಕೂ ಹಾಗೆ ಕಾದವಳಲ್ಲ. ಕೊನೆಗೆ ದುಗ್ಗಮ್ಮ ಕಣ್ಣು ಬಿಟ್ಟು ನನ್ನ ನಡುಗುವ ಕೈಗಳನ್ನು ನೋಡಿದಳು. ಅವಳ ಬೆರಳುಗಳು ಅಲುಗಿದವು. ಆರಿಹೋಗಿದ್ದ ಅವಲಕ್ಕಿಯನ್ನು ಅಡಿಯಿಂದ ಒಮ್ಮೆ ಮಗುಚಿ ಕೈ ಹೊರಗೆ ತೆಗೆದಳು.

ಹಾಕಬೇಕು ಎನ್ನುವಷ್ಟರಲ್ಲಿ, ಯಾರ ಕೈಯೂ ಇಲ್ಲದ ಒರಳಿನಲ್ಲಿ ಅವಲಕ್ಕಿ ಇನ್ನೊಂದು ಸಲ ಮೆಲ್ಲಗೆ ಮಗುಚಿಕೊಂಡಿತು.

ನಾನು ಅದಕ್ಕೂ ಕಾದೆ. ಆಮೇಲೆ ಹಾಕಿದೆ. ದುಗ್ಗಮ್ಮ ಗೋಡೆಗೆ ಒರಗಿ, ಮಗಳು ಹೋದಾಗಿನಿಂದ ಹಿಡಿದಿಟ್ಟಿದ್ದ ಅಳುವನ್ನು ದೊಡ್ಡ ದನಿ ತೆಗೆದು ಅತ್ತಳು.

ಅಲ್ಲಿಂದ ಮುಂದೆ ರಾಜ್ಯೋತ್ಸವದವರೆಗೆ ಮಧ್ಯಾಹ್ನಗಳಲ್ಲಿ ನಾನೇ ಹೋಗಿ ಒನಕೆ ಹಿಡಿದೆ. ಕಾಲೊನಿಯ ಹೆಂಗಸರು ನನ್ನನ್ನು ನೋಡಿ ನಕ್ಕರು. ನಮ್ಮವರ ಹೆಸರು ಹಿಡಿದು, ಆಪರೇಟರ್ ಮುಕುಂದಯ್ಯನ ಹೆಂಡತಿ ಅವಲಕ್ಕಿ ಕುಟ್ಟುವ ಕೂಲಿಗೆ ನಿಂತಿದ್ದಾಳೆ ಎಂದು ಮಾತಾಡಿಕೊಂಡರು. ಆಡಿಕೊಳ್ಳಲಿ ಎಂದುಕೊಂಡೆ. ನನ್ನ ಅಂಗೈಯಲ್ಲಿ ಬೊಬ್ಬೆಗಳು ಎದ್ದು ಒಡೆದವು. ದುಗ್ಗಮ್ಮ ಮತ್ತೆ ಕೈ ಒಳಗಿಟ್ಟುಕೊಂಡು ಕೂರಲಿಲ್ಲ.

ಸಭೆಯ ದಿನ ಸಂಜೆ ವೇದಿಕೆಯ ಮೇಲೆ ಗಿಟಾರನ್ನು ಮಡಿಲಿಗೆ ತೆಗೆದುಕೊಂಡಾಗ ವಾಸಪ್ಪ ಕಿವಿಯಲ್ಲಿ, "ಅಕ್ಕಾವ್ರೇ, ದಮ್ಮಯ್ಯ, ಒಟ್ಟಿಗೇ ಮುಗಿಸೋಣ," ಎಂದ. ಮೊದಲ ತಂತಿ ಮೀಟಿದೆ. ಹೆಂಗಸರ ಸಾಲಿನ ತುದಿಯಲ್ಲಿ, ಜಮಖಾನೆ ಬಿಟ್ಟು ಬರೀ ನೆಲದ ಮೇಲೆ ದುಗ್ಗಮ್ಮ ಕೂತಿದ್ದಳು. ಅವಳ ಬಲಗೈ ಮಡಿಲಲ್ಲಿತ್ತು. ನನ್ನ ಒಂದೊಂದು ಪೆಟ್ಟು ಮುಗಿದಾಗಲೂ ಆ ಕೈ ಕಾಣದ ಅವಲಕ್ಕಿಯನ್ನು ಮಗುಚಿ ಪಕ್ಕಕ್ಕೆ ಸರಿಯುತ್ತಿತ್ತು. ಅದು ಸರಿದ ಮೇಲೆ ಅವಳ ಮಡಿಲಿನ ಸೀರೆಯ ಮಡಿಕೆ ಇನ್ನೊಂದು ಸಲ, ತಾನಾಗಿ, ಸ್ವಲ್ಪ ಅಲುಗುತ್ತಿತ್ತು. ಗಾಳಿಯಿರಲಿಲ್ಲ.

ಎರಡಕ್ಕೂ ಕಾದು ಕಾದು ಮೀಟಿದೆ. ಪಕ್ಕದಲ್ಲಿ ವಾಸಪ್ಪ ತಲೆದೂಗುತ್ತಿದ್ದ. ಹಾಡು ಮುಗಿಯುವವರೆಗೆ ಯಾರ ಕೈಗೂ ಪೆಟ್ಟಾಗಲಿಲ್ಲ.