ಹುಡಾಕರ ಬೆಲೆಪಟ್ಟಿ

ಬೇಸ್‌ಬಾಲ್ ಮೈದಾನದ ಆ ಮಹಾಪರದೆಯ ಮೇಲೆ ತಮ್ಮ ಮುಖ ಒಮ್ಮೆಯಾದರೂ ಮೂಡಬೇಕೆಂದು ಇಪ್ಪತ್ತು ಬೇಸಿಗೆ ಕಾದಿದ್ದ ಎಮಿಲ್ ಹುಡಾಕರಿಗೆ ಆ ಭಾಗ್ಯ ಕಳೆದ ಜುಲೈನಲ್ಲಿ ಒದಗಿ ಬಂದಾಗ, ಮೂಡಿದ್ದು ಮುಖವಲ್ಲ, ಬೆನ್ನು. ಆಟ ನಡೆಯುತ್ತಿದ್ದ ದಿಕ್ಕಿಗೆ ಬೆನ್ನು ತಿರುಗಿಸಿ, ಹಿಂದಿನ ಸಾಲುಗಳಲ್ಲಿದ್ದ ನಮ್ಮೆಲ್ಲರ ಕಡೆ ಎರಡೂ ಕೈ ಎತ್ತಿ, ನಮ್ಮ ತಂಡದ ಅತ್ಯುತ್ತಮ ಬ್ಯಾಟುಗಾರನಾದ ಡೋರಿಯನ್ ವಿಕ್‌ನನ್ನು ಈ ವಾರವೇ ಏಕೆ ಮಾರಿಬಿಡಬೇಕೆಂದು ಅವರು ಪ್ರವಚನ ಕೊಡುತ್ತಿದ್ದರು. ಬೆನ್ನ ಮೇಲೆ ಅದೇ ವಿಕ್‌ನ ಹೆಸರಿತ್ತು. ಹುಡಾಕರು ಹೊಸ ಆಟಗಾರನಿಗೊಂದು ಹೊಸ ಅಂಗಿ ಕೊಳ್ಳುವ ಪೈಕಿಯಲ್ಲ. ಇರುವುದೊಂದೇ ಅಂಗಿ, ಅದರ ಬೆನ್ನಿಗೆ ಬಿಳಿಯ ಬಟ್ಟೆಯ ಟೇಪು, ಟೇಪಿನ ಮೇಲೆ ಕಪ್ಪು ಶಾಯಿಯ ಹೆಸರು. ಆಟಗಾರ ಬೇರೆ ಊರಿಗೆ ಬಿಕರಿಯಾದರೆ ಹಳೆಯ ಹೆಸರಿನ ಮೇಲೊಂದು ಹೊಸ ಪಟ್ಟಿ. ಆ ಮಧ್ಯಾಹ್ನದ ಸೆಕೆಗೆ ಅಂಟು ಕರಗಿ, ಮೂವತ್ತು ಸಾವಿರ ಜನ ಪರದೆಯಲ್ಲಿ ನೋಡುತ್ತಿದ್ದಂತೆ, ವಿಕ್ ಕಳಚಿ ಬಿದ್ದ. ಅವನ ಕೆಳಗಿದ್ದವನೂ ಬಿದ್ದ. ಒಬ್ಬರ ಹಿಂದೊಬ್ಬರು ಏಳು ಜನ ಉದುರಿದ ಮೇಲೆ ಉಳಿದದ್ದು ದಾರದಲ್ಲಿ ಹೊಲಿದಿದ್ದ ಮೂಲಹೆಸರು: ಲಾರ್ಕ್.

ಮೈದಾನವಿಡೀ ನಕ್ಕಿತು. ಲಾರ್ಕ್ ಹತ್ತೊಂಬತ್ತು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಚೆಂಡೆಸೆಯುತ್ತಿದ್ದ ಪಿಚರು. ಅವನನ್ನು ಮಾರಿ ಎಂದು ಊರ ಪತ್ರಿಕೆಗೆ ಹನ್ನೊಂದು ಪತ್ರ ಬರೆದವರು ಸ್ವತಃ ಹುಡಾಕರು. ಮಾರಾಟವಾಗಿ ಹೋದವನು ಹೋದ ಊರಿಗೆ ಗೆಲ್ಲಬಹುದಾದುದನ್ನೆಲ್ಲ ಗೆದ್ದುಕೊಟ್ಟ. ಸರೋವರದ ಈ ದಂಡೆಯಲ್ಲಿ ಇದನ್ನು ಮರೆತವರು ಯಾರೂ ಇಲ್ಲ. ಹುಡಾಕರು ನಿಧಾನವಾಗಿ ಬಗ್ಗಿ, ಬಿದ್ದ ಹೆಸರುಗಳನ್ನೆಲ್ಲ ಆಯ್ದು ಜೇಬಿಗೆ ಸೇರಿಸಿ, ‘ಅಂಟು ಸರಿಯಿಲ್ಲ’ ಎಂದಷ್ಟೇ ಹೇಳಿ ಪ್ರವಚನ ಮುಂದುವರಿಸಿದರು.

ಹೆಸರಿಗೆ ಹುಡಾಕ್, ಕಸುಬಿಗೆ ಹುಡುಕಾಟ. ಮೂವತ್ತಮೂರು ವರ್ಷ ನಗರದ ನೀರು ಸರಬರಾಜಿನವರಲ್ಲಿ ಮೀಟರು ಓದಿದ ಈ ಮನುಷ್ಯ ನಿವೃತ್ತರಾಗಿ ಎಂಟು ವರ್ಷವಾದರೂ ಇಂದಿಗೂ ಗೋಡೆಯ ಪಕ್ಕದಲ್ಲೇ ನಡೆಯುತ್ತಾರೆ, ಸೊಂಟ ತುಸು ಬಾಗಿಸಿ, ಹೆಜ್ಜೆ ಸಣ್ಣದಾಗಿಸಿ, ನಾಯಿಯಿರಬಹುದೆಂಬ ಅನುಮಾನದಲ್ಲಿ ಒಂದು ಕಣ್ಣನ್ನು ಸದಾ ಬಾಗಿಲಿನ ಮೇಲಿಟ್ಟು. ಬೀದಿಯಲ್ಲಿ ನಿಂತು ಒಳಗಿನ ಯಾವ ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ಹೇಳಬಲ್ಲ ಕಿವಿ ಅವರದು. ಅಷ್ಟು ವರ್ಷ ಅಂಕೆಗಳನ್ನೇ ಓದಿದ್ದರ ಫಲವೋ ಏನೋ, ಪ್ರತಿಯೊಬ್ಬ ಮನುಷ್ಯನ ಬೆನ್ನಲ್ಲೂ ಒಂದು ಮೀಟರು ತಿರುಗುತ್ತಿರುತ್ತದೆ, ಬಗ್ಗಿ ನೋಡುವ ಧೈರ್ಯವಿದ್ದರೆ ಅವನ ಬೆಲೆ ತಿಳಿಯುತ್ತದೆ ಎಂಬ ನಂಬಿಕೆ ಅವರಲ್ಲಿ ಬೇರೂರಿಬಿಟ್ಟಿತ್ತು. ಒಟ್ಟಿನಲ್ಲಿ ಅವರ ಅಂಕೆಗಳು ಯಾರ ಅಂಕೆಯಲ್ಲೂ ಇರಲಿಲ್ಲ.

ಸೇತುವೆಯ ಕೆಳಗಿನ ನಮ್ಮ ಬಾರಿನಲ್ಲಿ ಶುಕ್ರವಾರದ ಕರಿದ ಮೀನು ತಿನ್ನಲು ಸೇರುವ ನಮಗೆ ಹನ್ನೊಂದು ತಿಂಗಳು ಬೇಸ್‌ಬಾಲು, ಜುಲೈ ಒಂದು ತಿಂಗಳು ಬೇಸರಬಾಲು. ಆ ತಿಂಗಳ ಕೊನೆಗೆ ದೊಡ್ಡ ತಂಡಗಳ ಅದಲುಬದಲಿನ ಗಡುವು. ಒಬ್ಬ ಪಳಗಿದ ಬ್ಯಾಟುಗಾರನನ್ನು ಕೊಟ್ಟು ಇನ್ನೂ ಮೀಸೆ ಚಿಗುರದ, ನಮ್ಮಲ್ಲಿ ಯಾರೂ ಕಣ್ಣಾರೆ ಕಾಣದ ಮೂವರು ಹುಡುಗರನ್ನು ತರುವುದು ಲಾಭವೋ ನಷ್ಟವೋ ಎಂದು ನಾಲ್ಕು ಗಂಟೆ ಕಾಲ ವಾದ. ಮೀನು ಆರುತ್ತದೆ, ಬಿಯರು ಬಿಸಿಯಾಗುತ್ತದೆ, ವಾದ ಮಾತ್ರ ಹದವಾಗಿಯೇ ಇರುತ್ತದೆ. ಹುಡಾಕರ ಪ್ರತಿ ವಾದದ ಆರಂಭವೂ ಒಂದೇ: ‘ಹುಡುಗ ಒಳ್ಳೆಯವನೇ.’ ಈ ಮಾತು ಅವರ ಬಾಯಿಂದ ಹೊರಟಿತೆಂದರೆ ಆ ಹುಡುಗ ಪೆಟ್ಟಿಗೆ ಕಟ್ಟಬೇಕೆಂದೇ ಅರ್ಥ. ‘ಹುಡುಗ ಒಳ್ಳೆಯವನೇ. ಅದಕ್ಕೇ ಈಗ್ಲೇ ಮಾರ್ಬೇಕು. ಕೆಟ್ಟ ಮೇಲೆ ಯಾರು ತಗೋತಾರೆ?’ ಒಮ್ಮೆ ರೋಸಿಹೋದ ಅವರ ಹೆಂಡತಿ ವಿಲ್ಮಾ, ಹಾಗಾದರೆ ತನ್ನನ್ನೂ ಮಾರಿ ಒಂದು ಪಾತ್ರೆ ತೊಳೆಯುವ ಮಷೀನು ತಂದುಬಿಡಿ ಎಂದಾಗ ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಮೀನಿನ ಮುಳ್ಳು ಬಿಡಿಸುತ್ತ ಸಾವಧಾನದಿಂದ ಯೋಚಿಸಿ, ಮಷೀನಿನ ಗ್ಯಾರಂಟಿ ಎರಡೇ ವರ್ಷ ಎಂದರು. ವಿಲ್ಮಾ ಇದನ್ನು ಹೊಗಳಿಕೆಯೆಂದು ತೆಗೆದುಕೊಳ್ಳಲು ಒಂದು ವಾರ ಹಿಡಿಯಿತು.

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಆದರೆ ನಮ್ಮ ಬಾರಿಗೆ ಅರವತ್ತು ದಾಟಿದವರದೊಂದು ಸಾಫ್ಟ್‌ಬಾಲ್ ತಂಡವಿದೆ. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ಸಾಧುಸ್ವಭಾವದ ತಮ್ಮ. ಚೆಂಡು ದೊಡ್ಡದು, ಅವಸರ ಸಣ್ಣದು. ಹುಡಾಕರು ಅದರ ಪರವಾಗಿ ಮೈದಾನದ ಬಲಮೂಲೆಯನ್ನು ಹನ್ನೊಂದು ವರ್ಷದಿಂದ ಕಾಯುತ್ತಿದ್ದರು. ಅರವತ್ತು ತುಂಬಿದ ಮರುದಿನವೇ ಬಂದು ಅಲ್ಲಿ ನಿಂತವರು ಮತ್ತೆ ಕದಲಿರಲಿಲ್ಲ, ಚೆಂಡು ಬಂದಾಗಲೂ. ಅರವತ್ತಾಗದ ನಾನು ಓಟಗಳನ್ನು ಬರೆದುಕೊಳ್ಳುವವನು. ನಾಯಕ ಆರ್ವಿಲ್ ಟಿಬ್ಸ್, ನಿವೃತ್ತ ಬಸ್ ಚಾಲಕ, ನಲವತ್ತು ವರ್ಷ ಹಿಂದಿನ ಸೀಟಿನ ಗದ್ದಲ ಕೇಳಿಯೂ ಕೇಳದಂತೆ ಗಾಡಿ ಓಡಿಸಿದ ಸ್ಥಿತಪ್ರಜ್ಞ. ಮಂಡಿ ಚಿಕಿತ್ಸೆಗೆ ಹೋದವರಿಂದ ತಂಡಗಳು ಕುಂಟಬಾರದೆಂಬ ನೆಪ ಹೇಳಿ, ಜುಲೈ ಕೊನೆಯ ಸಂಜೆ ಆರರೊಳಗೆ ಪ್ರತಿ ತಂಡವೂ ಒಬ್ಬನನ್ನು ಅದಲುಬದಲು ಮಾಡಿಕೊಳ್ಳಬಹುದು ಎಂಬ ನಿಯಮವನ್ನು ನಮ್ಮ ಪುಟ್ಟ ಲೀಗಿಗೆ ಹೊಲಿಸಿದವರೂ ಹುಡಾಕರೇ. ದೊಡ್ಡವರಲ್ಲಿ ಇರುವಂತೆ ‘ಹೆಸರು ಆಮೇಲೆ’ ಎಂಬ ಪದ್ಧತಿಯೂ ಅದರಲ್ಲಿತ್ತು: ಬೇಕಾದವನನ್ನು ಇವತ್ತೇ ಪಡೆ, ಬದಲಿಗೆ ಯಾರನ್ನು ಕೊಡುತ್ತೀಯೆಂದು ಎರಡು ವಾರದೊಳಗೆ ಹೇಳು. ಆ ನಿಯಮವನ್ನು ಯಾರೂ ಎಂದೂ ಬಳಸಿರಲಿಲ್ಲ. ಬಳಸಬೇಕೆಂದು ಅವರು ಪ್ರತಿ ಜುಲೈನಲ್ಲೂ ನಮ್ಮಲ್ಲೊಬ್ಬರನ್ನು ಮಾರಲು ಹೊರಡುತ್ತಿದ್ದರು. ನಮ್ಮ ತಂಡದ ಹಲ್ಲಿನ ಡಾಕ್ಟರನ್ನು ನಾಲ್ಕು ಸಲ ಮಾರಲು ನೋಡಿದ್ದಾರೆ, ಅವರ ಬಳಿಯೇ ಹಲ್ಲು ತೋರಿಸುತ್ತ.

ಹೋದ ವರ್ಷ ಮಾತ್ರ ನಮ್ಮ ಪಿಚರನ ಭುಜ ಕೈಕೊಟ್ಟಿತು. ಭುಜ ಕೈಕೊಟ್ಟರೆ ಕೈ ಏನು ಕೊಟ್ಟೀತು? ಎರಡನೆಯ ಸ್ಥಾನದಲ್ಲಿದ್ದೆವು. ಹಳೇ ಸೈನಿಕರು ಸೇರುವ ಸಭಾಂಗಣದ, ನಮ್ಮ ಬಾಯಲ್ಲಿ ‘ಹಾಲಿ’ನ, ತಂಡದಲ್ಲಿ ಚೆಸ್ಟರ್ ಪ್ಲುಟಾ ಎಂಬ ಹೆಚ್ಚುವರಿ ಪಿಚರ್ ಬೆಂಚು ಬಿಸಿ ಮಾಡುತ್ತ ಕೂತಿದ್ದ. ಆ ತಂಡದ ನಾಯಕಿ ಲಾಟಿ ಕುಬಿಯಾಕ್, ಅವಳೂ ಎಪ್ಪತ್ತರ ಅಂಚಿನವಳು, ಅವನನ್ನು ಕೊಡಲು ಒಪ್ಪಿದಳು. ಬದಲಿಗೆ ಬರುವವನ ಹೆಸರು ಆಮೇಲೆ. ಹುಡಾಕರಿಗೆ ಜನ್ಮ ಸಾರ್ಥಕವಾಯಿತು. ಒಂದೇ ಸಂಜೆಯಲ್ಲಿ ನಮ್ಮ ಹನ್ನೆರಡು ಜನರ ಬೆಲೆಪಟ್ಟಿ ತಯಾರಿಸಿ, ನಾಯಕಿ ಆರಿಸಿಕೊಳ್ಳಲೆಂದು ಆರ್ವಿಲ್‌ನ ಕೈಗಿತ್ತರು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಸನ್ನಡತೆಗೆ ಅಂಕ ಕೊಡುವಾಗಲಾದರೂ ಒಮ್ಮೆ ಶಿಲುಬೆಯ ಕಡೆ ನೋಡುತ್ತಿದ್ದರು. ಇವರಿಗೆ ಆ ಅಳುಕೂ ಇರಲಿಲ್ಲ. ಹಲ್ಲಿನ ಡಾಕ್ಟರಿಗೆ ಹತ್ತಕ್ಕೆ ಎರಡೂವರೆ. ಆರ್ವಿಲ್‌ಗೆ ಆರು. ಎಲ್ಲರ ತಲೆಯ ಮೇಲೆ, ಎಂಟೂಕಾಲು ಅಂಕದೊಂದಿಗೆ, ಎಮಿಲ್ ಹುಡಾಕ್.

ಆ ಎಂಟೂಕಾಲನ್ನು ಅವರು ಎಲ್ಲಿಂದ ತಂದರೆಂದು ನಾವು ಕೇಳಲಿಲ್ಲ. ಓಟಗಳ ಪುಸ್ತಕ ನನ್ನ ಬಳಿಯೇ ಇದ್ದುದರಿಂದ ಕೇಳದಿರುವುದೇ ಸೌಜನ್ಯವಾಗಿತ್ತು.

ಎರಡು ವಾರ ಅವರು ನಮ್ಮೆಲ್ಲರ ಪ್ರಾಣ ತಿಂದರು. ದಿನಕ್ಕೊಬ್ಬರ ಹೆಗಲ ಮೇಲೆ ಕೈಯಿಟ್ಟು, ಹೋಗುವವನು ನೀನೇ ಇರಬೇಕು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಇದು ವ್ಯವಹಾರ ಎಂದು ಸಾಂತ್ವನ ಹೇಳುವರು. ಡಾಕ್ಟರಿಗೆ ಹಾಲಿನ ತಂಡದ ಅಂಗಿಯ ಅಳತೆಯನ್ನೂ ಕೇಳಿಕೊಂಡು ಬಂದರು. ಆರ್ವಿಲ್ ಒಬ್ಬೊಬ್ಬರನ್ನೇ ಕರೆದು ಕೇಳಿದ; ಯಾರೂ ಹೋಗಲು ಒಪ್ಪಲಿಲ್ಲ. ಡಾಕ್ಟರಂತೂ ಆಟವನ್ನೇ ಬಿಡುತ್ತೇನೆಂದರು. ಕೊನೆಗೆ ಆ ಸ್ಥಿತಪ್ರಜ್ಞನೂ ರೋಸಿಹೋಗಿ ನನ್ನ ಬಳಿ ಬಂದು, ಒಲ್ಲೆ ಎನ್ನಲು ಬಾಯಿಲ್ಲದವನು ನಮ್ಮಲ್ಲಿ ಒಬ್ಬನೇ ಒಬ್ಬ ಎಂದ. ನಿಯಮ ಬರೆದವನು, ಪಟ್ಟಿ ಬರೆದವನು.

ಲಾಟಿಯ ಮುಂದೆ ಹೆಸರಿಟ್ಟಾಗ ನಾನೂ ಅಲ್ಲಿದ್ದೆ. ಅವಳು ಪಟ್ಟಿಯನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ‘ಅವನನ್ನ ಬರಿಗೈಲಿ ಕಳಿಸ್ತೀಯೇನಪ್ಪ? ಮೇಲೆ ಏನಾದ್ರೂ ಇಡು’ ಎಂದಳು. ಆರ್ವಿಲ್ ಹತ್ತು ಚೆಂಡು ಎಂದ, ಒಂದು ಬ್ಯಾಟು ಎಂದ. ಅವಳ ಕಣ್ಣು ನಮ್ಮ ಬೆಂಚಿನ ತುದಿಯಲ್ಲಿದ್ದ ಕಾಫಿ ಹಂಡೆಯ ಮೇಲಿತ್ತು: ನಲವತ್ತು ಲೋಟ ಹಿಡಿಯುವ, ಕೆಳಗೊಂದು ನಲ್ಲಿಯಿರುವ ಸ್ಟೀಲಿನ ಹಂಡೆ. ಭಾನುವಾರದ ಆಟಕ್ಕೆ ಬಂದೊಡನೆ ಹುಡಾಕರು ಅದರ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಮಡಚಿ ಇಡುತ್ತಿದ್ದರು. ಏಕೆಂದು ಯಾರೂ ಕೇಳಿದ್ದಿಲ್ಲ, ಅವರನ್ನು ಏನಾದರೂ ಕೇಳುವುದೇ ಅಪಾಯವೆಂದು. ಹೀಗೆ ಒಂದು ಮಂಡೆಯ ಜೊತೆಗೊಂದು ಹಂಡೆ ಎಂದು ಒಪ್ಪಂದವಾಯಿತು. ಹಂಡೆಯನ್ನು ಲಾಟಿಯ ಕಾರಿಗೆ ಹೊತ್ತವನು ನಾನೇ. ಮಿಕ್ಕವರಿಗೆ ರಿಪೇರಿಗೆ ಹೋಗಿದೆ ಎಂದು ಹೇಳುವುದೆಂದೂ, ಹುಡಾಕರಿಗೆ ಮಾತ್ರ ಈ ಸಂಗತಿ ಎಂದೆಂದಿಗೂ ತಿಳಿಯಕೂಡದೆಂದೂ ನಾವು ಮೂವರೂ ಮಾತು ಕೊಟ್ಟುಕೊಂಡೆವು. ಎಷ್ಟೇ ರೋಸಿದ್ದರೂ ಮನುಷ್ಯನ ಬೆಲೆಯನ್ನು ಅವನ ಮುಖದೆದುರು ಹೇಳುವಷ್ಟು ನಾವು ಹುಡಾಕರಾಗಿರಲಿಲ್ಲ.

ಆ ಭಾನುವಾರ ನಮಗೂ ಹಾಲಿನವರಿಗೂ ಆಟ. ಹುಡಾಕರು ಬಂದವರೇ ಕಂಕುಳಲ್ಲಿದ್ದ ಪತ್ರಿಕೆಯನ್ನು ಹಿಡಿದು ಬೆಂಚಿನ ತುದಿಗೆ ಹೋಗಿ, ಖಾಲಿ ಜಾಗವನ್ನು ನೋಡಿ ನಿಂತರು. ಹಂಡೆಯೆಲ್ಲಿ ಎಂದರು. ರಿಪೇರಿಗೆ ಹೋಗಿದೆ ಎಂದೆ. ಎದುರು ಬೆಂಚಿನ ಮೇಲೆ ಅದು ಟವೆಲು ಹೊದ್ದು ಕೂತಿದ್ದುದು ನನ್ನ ಕಣ್ಣಿಗೆ ಗಿಡುಗನಂತೆ ಕುಕ್ಕುತ್ತಿತ್ತು. ಅವರು ತಲೆಯಾಡಿಸಿ ಪತ್ರಿಕೆಯನ್ನು ಮಡಚಿ ಹಿಂದಿನ ಜೇಬಿಗಿಟ್ಟುಕೊಂಡರು. ಆಗ ಆರ್ವಿಲ್ ಗಂಟಲು ಸರಿಮಾಡಿಕೊಂಡ.

‘ಎಮಿಲ್, ಲಾಟಿ ಹೆಸರು ಹೇಳಿದಾಳೆ ಕಣಯ್ಯ. ನಿನ್ನ ಪಟ್ಟಿಲಿ ಎಲ್ಲಾರ್ಗಿಂತ ಮೇಲಿದಾನಲ್ಲ, ಅವನು.’

ಡಾಕ್ಟರು ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸಿದರು. ಹುಡಾಕರ ಮುಂದೆ ಎರಡು ದಾರಿಗಳಿದ್ದವು: ಎಂಟೂಕಾಲು ಸುಳ್ಳು ಎಂದು ಹೇಳಿ ಬಲಮೂಲೆಯನ್ನು ಉಳಿಸಿಕೊಳ್ಳುವುದು, ಇಲ್ಲವೇ ಎಂಟೂಕಾಲನ್ನು ಉಳಿಸಿಕೊಂಡು ಹೊರಡುವುದು. ಅವರು ಬಲಮೂಲೆಯನ್ನೊಮ್ಮೆ ನೋಡಿದರು. ಅವರು ನಿಂತು ನಿಂತು ಅಲ್ಲಿ ಹುಲ್ಲು ಬೋಳಾಗಿ ಎರಡು ಪಾದಗಳ ಗುರುತಾಗಿತ್ತು.

‘ಸಹಜ,’ ಎಂದರು.

ಎರಡು ವಾರ ಈ ಗಳಿಗೆಗಾಗಿ ಕುಹಕಗಳನ್ನು ಮಸೆದಿಟ್ಟುಕೊಂಡಿದ್ದ ಹನ್ನೊಂದು ಜನ ನೆಲ ನೋಡುತ್ತ ಕುಳಿತರು. ಹುಡಾಕರು ಗ್ಲೌಸು ತೆಗೆದುಕೊಂಡರು, ಕೂರುವ ದಿಂಬು ತೆಗೆದುಕೊಂಡರು, ಗೋಡೆಯಿಲ್ಲದ ಆ ಬಯಲನ್ನು ಗೋಡೆಯ ಪಕ್ಕ ನಡೆಯುವವರಂತೆ ಸಣ್ಣ ಹೆಜ್ಜೆಯಲ್ಲಿ ದಾಟತೊಡಗಿದರು. ಅರ್ಧ ದೂರ ಹೋದ ಮೇಲೆ ಡಾಕ್ಟರು, ತಮಗೇ ಹೇಳಿಕೊಳ್ಳುವಂತೆ, ‘ಹುಡುಗ ಒಳ್ಳೆಯವನೇ’ ಎಂದರು. ನಗಲೆಂದೇ ಹೇಳಿದ್ದಿರಬೇಕು. ಒಬ್ಬರೂ ನಗಲಿಲ್ಲ.

ಹಾಲಿನವರು ಅವರನ್ನು ನಿಲ್ಲಿಸಿದ್ದು ಅದೇ ಬಲಮೂಲೆಯಲ್ಲಿ, ಅದೇ ಎರಡು ಪಾದಗಳ ಗುರುತಿನ ಮೇಲೆ. ನಾವು ಗೆದ್ದೆವು. ಮೂರನೆಯ ವಾರಕ್ಕೆ ಪ್ಲುಟಾನ ಮೊಣಕೈ ಊದಿಕೊಂಡಿತು. ಋತು ಮುಗಿದಾಗ ನಾವು ಮೊದಲಿದ್ದ ಎರಡನೆಯ ಸ್ಥಾನದಲ್ಲೇ ಇದ್ದೆವು. ಶುಕ್ರವಾರಗಳಲ್ಲಿ ಹುಡಾಕರು ಸೈನಿಕರ ಹಾಲಿಗೇ ಹೋಗತೊಡಗಿದ್ದರಿಂದ ನಮ್ಮ ಬಾರಿನಲ್ಲಿ ಮೀನು ಬಿಸಿಯಿರುವಾಗಲೇ ಮುಗಿಯುತ್ತಿತ್ತು. ವಿಕ್‌ನನ್ನು ದೊಡ್ಡ ತಂಡ ಮಾರದೆ ಉಳಿಸಿಕೊಂಡಿತ್ತು. ಅದು ಸರಿಯೋ ತಪ್ಪೋ ಎಂದು ಒಂದು ಸಂಜೆ ವಾದಕ್ಕೆ ಕುಳಿತರೆ ಹತ್ತೇ ನಿಮಿಷದಲ್ಲಿ ಎಲ್ಲರೂ ಒಪ್ಪಿಬಿಟ್ಟು, ಒಬ್ಬರ ಮುಖ ಒಬ್ಬರು ನೋಡುವಂತಾಯಿತು. ಅವರಿದ್ದಾಗ ಅವರ ಬೇಳೆ ನಮ್ಮಲ್ಲಿ ಬೇಯಲಿಲ್ಲ. ಹೋದ ಮೇಲೆ ಅವರ ಬೆಲೆ ಏರುತ್ತಿತ್ತು. ಇದರಿಂದ ಅವರ ಮೇಲೆ ನನಗೆ ಇನ್ನಷ್ಟು ಸಿಟ್ಟೇ ಬಂತು.

ಈ ಪಂಗಡದ ಜನ ಎಲ್ಲ ಊರುಗಳಲ್ಲೂ ಇದ್ದಾರೆ. ಪ್ರೀತಿಸಿದ್ದು ಕೈತಪ್ಪಿ ಹೋಗುವ ಮೊದಲೇ ತಾವಾಗಿ ಮಾರಿಬಿಟ್ಟರೆ ಆ ನೋವು ಜಾಣತನದ ಬಾಬಿಗೆ ಸೇರಿ ತಮ್ಮನ್ನು ಬಾಧಿಸದೆಂದು ನಂಬಿದವರು. ಜಗತ್ತಿನ ಮೇಲೆಲ್ಲ ಟೇಪು ಅಂಟಿಸುತ್ತ ಹೋಗಿ, ಎಲ್ಲಕ್ಕೂ ಅಡಿಯಲ್ಲಿ ಹೊಲಿದ ಹೆಸರೊಂದನ್ನು ಯಾರಿಗೂ ತೋರಿಸದೆ ಬೆನ್ನಿನಲ್ಲಿ ಹೊತ್ತು ತಿರುಗುವವರು. ಅವರನ್ನು ಸಹಿಸುವುದು ಅಸಾಧ್ಯ. ಅವರಿಲ್ಲದ ಜುಲೈಯನ್ನು ಕಳೆಯುವುದು ಹೇಗೆಂದು ಮಾತ್ರ ಯಾವ ಸಿಸ್ಟರೂ ಕಲಿಸಲಿಲ್ಲ.

ಇಷ್ಟೆಲ್ಲ ಘನವಾದ ವಿಚಾರಗಳನ್ನು ತಲೆಯಲ್ಲಿ ಹೊತ್ತು ಸೆಪ್ಟೆಂಬರಿನ ಕೊನೆಯ ಆಟದ ದಿನ ನಾನು ಅವರ ಪಕ್ಕ ಹೋಗಿ ಕುಳಿತೆ. ಹಾಲಿನ ಹಸಿರು ಅಂಗಿ ತೊಟ್ಟಿದ್ದರು. ಬೆನ್ನ ಮೇಲೆ ಹುಡಾಕ್ ಎಂಬ ಹೆಸರು ಟೇಪಿನಲ್ಲೇ ಇತ್ತು, ಹೊಲಿಸಿರಲಿಲ್ಲ. ಅವರ ಮನಸ್ಸು ನೋಯದಂತೆ ಪದಗಳನ್ನು ಆರಿಸಿ ಕೇಳಿದೆ:

‘ಹುಡಾಕರೇ, ಬೇಜಾರು ಮಾಡ್ಕೋಬೇಡಿ. ಕೊನೆಗೂ ಈ ವ್ಯಾಪಾರದಲ್ಲಿ ಗೆದ್ದೋರು ಯಾರು?’

ಅವರು ಲಾಟಿ ಆಚೆ ಹೋಗುವವರೆಗೂ ಕಾದು, ನನ್ನ ಕಿವಿಯ ಹತ್ತಿರ ಬಗ್ಗಿದರು.

‘ನಾವೇ ಕಣಯ್ಯ. ಆ ಹಂಡೆ ಸೋರ್ತಿತ್ತು.’